ಜ್ವರದ ಲೆಕ್ಕ: ಕೊಡಗಿನಲ್ಲಿ ರೋಗ ಕಣ್ಗಾವಲಿನ ಇತಿಹಾಸ

ಕೊಡಗಿನ ಹಳೆಯ ಜನಗಣತಿಗಳನ್ನು ಸಾಲಾಗಿ ಜೋಡಿಸಿ ನೋಡಿದರೆ, ಆ ನಾಡಿನ ಯಾವ ಆಸ್ಪತ್ರೆಯ ದಾಖಲೆಯೂ ಅಷ್ಟು ಸ್ಪಷ್ಟವಾಗಿ ಹೇಳದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. 1881ರಲ್ಲಿ ಇಲ್ಲಿನ ಜನಸಂಖ್ಯೆ 1,78,302 ಇತ್ತು. 1901ರಲ್ಲಿ 1,80,607 ಆಯಿತು. ಅಲ್ಲಿಂದ ಮುಂದೆ ಇಳಿಯತೊಡಗಿ 1911ರಲ್ಲಿ 1,74,976ಕ್ಕೂ 1921ರಲ್ಲಿ 1,63,838ಕ್ಕೂ 1931ರಲ್ಲಿ 1,63,327ಕ್ಕೂ ಬಂದು ನಿಂತಿತು. 1941ರ ಎಣಿಕೆಯಲ್ಲಿ ತುಸು ಚೇತರಿಕೆ ಕಂಡರೂ 1,68,726ರ ಆ ಸಂಖ್ಯೆ ಅರವತ್ತು ವರ್ಷ ಹಿಂದಿನದಕ್ಕಿಂತ ಕಡಿಮೆಯೇ ಆಗಿತ್ತು. ಕಾಫಿ ತೋಟಗಳು ಹಬ್ಬಿದ, ರಸ್ತೆಗಳು ಬಂದ, ಮೈಸೂರು ಸೀಮೆಯಿಂದಲೂ ದಕ್ಷಿಣ ಕನ್ನಡದಿಂದಲೂ ಮಲಬಾರಿನಿಂದಲೂ ದುಡಿಯುವ ಜನ ವರ್ಷವರ್ಷವೂ ಘಟ್ಟ ಹತ್ತಿ ಬಂದ ಕಾಲವದು. 1901ರಿಂದ 1941ರವರೆಗಿನ ನಾಲ್ಕು ದಶಕಗಳಲ್ಲಿ ಭಾರತದ ಒಟ್ಟು ಜನಸಂಖ್ಯೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚಿತು. ಹೊರಗಿನಿಂದ ಜನ ಬರುತ್ತಲೇ ಇದ್ದ ಕೊಡಗಿನಲ್ಲಿ ಮಾತ್ರ ಅದು ಶೇಕಡ 6.6ರಷ್ಟು ಕುಗ್ಗಿತು.

ಈ ಕುಸಿತಕ್ಕೆ ಕಾರಣಗಳು ಹಲವಿದ್ದವಾದರೂ ಅವುಗಳಲ್ಲಿ ಮುಖ್ಯವಾದುದು ಮಲೇರಿಯಾ, ಅಂದರೆ ಜನರ ಬಾಯಲ್ಲಿ ಚಳಿಜ್ವರ. ಒಂದು ಪ್ರದೇಶದಲ್ಲಿ ಯಾವ ರೋಗ ಎಲ್ಲಿ, ಯಾವಾಗ, ಯಾರಲ್ಲಿ ಕಾಣಿಸಿಕೊಳ್ಳುತ್ತಿದೆ ಎಂಬುದನ್ನು ಬಿಡದೆ ಗಮನಿಸಿ, ಬರೆದಿಟ್ಟು, ಕ್ರಮ ಕೈಗೊಳ್ಳಬಲ್ಲವರಿಗೆ ತಿಳಿಸುವ ಕೆಲಸಕ್ಕೆ ಇಂದಿನ ಆರೋಗ್ಯ ಇಲಾಖೆ ರೋಗ ಕಣ್ಗಾವಲು ಎನ್ನುತ್ತದೆ. ಕೊಡಗಿನಲ್ಲಿ ಆ ಕೆಲಸದ ಇತಿಹಾಸವನ್ನು ವೈದ್ಯಕೀಯ ದಾಖಲೆಗಳಲ್ಲಷ್ಟೇ ಹುಡುಕಿದರೆ ಅರ್ಧವೂ ಸಿಗುವುದಿಲ್ಲ. ಅದು ಕಂದಾಯದ ಕಡತಗಳಲ್ಲಿ, ತೋಟದ ಹಾಜರಿ ಪುಸ್ತಕಗಳಲ್ಲಿ, ದೇವಿಯ ಉತ್ಸವಗಳಲ್ಲಿ ಚದುರಿಹೋಗಿದೆ. ಈ ಇತಿಹಾಸದ ಉದ್ದಕ್ಕೂ ಒಂದು ತೊಡಕು ಬಿಡದೆ ಕಾಣುತ್ತದೆ: ಜ್ವರಕ್ಕೆ ಹೆಚ್ಚು ತುತ್ತಾದವರು ಊರಿನ ಲೆಕ್ಕಕ್ಕೆ ಸೇರದ, ಕಾಲಕ್ಕೆ ಬಂದು ಕಾಲಕ್ಕೆ ಹೋಗುವ ಜನರಾಗಿದ್ದರು.

ಸರ್ಕಾರಿ ಲೆಕ್ಕ ಆರಂಭವಾಗುವುದಕ್ಕೆ ಬಹಳ ಮೊದಲೇ ಸಾಂಕ್ರಾಮಿಕ ರೋಗದ ನೆನಪನ್ನು ಸಮುದಾಯ ತನ್ನದೇ ರೀತಿಯಲ್ಲಿ ಕಾಪಾಡಿಕೊಂಡು ಬಂದಿತ್ತು. ಮಡಿಕೇರಿ ದಸರೆಯ ಜೀವಾಳವಾದ ನಾಲ್ಕು ಕರಗಗಳ ಹಿಂದೆ ಅಂಥದೊಂದು ನೆನಪಿದೆ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ಭೀಕರ ರೋಗ ತಗುಲಿ ಜನ ತತ್ತರಿಸಿದಾಗ, ದೇವಿಯನ್ನು ಒಲಿಸಿಕೊಳ್ಳಲು ಮಾರಿಯಮ್ಮನ ಉತ್ಸವವನ್ನು ಆರಂಭಿಸಲಾಯಿತು ಎಂಬುದು ಪರಂಪರೆಯಿಂದ ಬಂದ ಹೇಳಿಕೆ. ಇಂದಿಗೂ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ ದೇವಾಲಯಗಳ ಕರಗಗಳು ಪಂಪಿನಕೆರೆಯಿಂದ ಹೊರಟು ಊರಿನ ಬೀದಿಬೀದಿಗಳಲ್ಲಿ ಸಂಚರಿಸಿ ಮನೆಮನೆಯ ಪೂಜೆ ಪಡೆಯುತ್ತವೆ. ಹೇಳಿಕೆಯಲ್ಲಿ ರೋಗದ ಹೆಸರಿಲ್ಲ, ಇಸವಿಯೂ ಇಲ್ಲ. ಆದರೆ ಮಾರಿಯಮ್ಮನನ್ನು ದಕ್ಷಿಣ ಭಾರತದುದ್ದಕ್ಕೂ ಸಿಡುಬಿನಂಥ ಅಂಟುರೋಗಗಳ ಅಧಿದೇವತೆಯಾಗಿ ಕಂಡ ಪರಂಪರೆಯ ಬೆಳಕಿನಲ್ಲಿ ಈ ಉತ್ಸವವನ್ನು ಒಂದು ಸಾಂಕ್ರಾಮಿಕದ ಸ್ಮಾರಕವೆಂದು ಓದುವುದು ತಪ್ಪಾಗಲಾರದು.

ಕಕ್ಕಡ ತಿಂಗಳ ಆಚರಣೆಯೂ ಇದೇ ಜಾಡಿನದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಬಿಡುವಿಲ್ಲದೆ ಸುರಿಯುವ ಈ ತಿಂಗಳಿನ 18ನೆಯ ದಿನ ಮದ್ದುಸೊಪ್ಪು ಎಂಬ ಗಿಡದಲ್ಲಿ ಹದಿನೆಂಟು ಬಗೆಯ ಔಷಧಗಳು ಕೂಡಿರುತ್ತವೆ ಎಂಬ ನಂಬಿಕೆಯಿದೆ. ಅಂದು ಆ ಸೊಪ್ಪನ್ನು ಕುದಿಸಿ ಬಸಿದ ಕಡುನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ಮನೆಯವರೆಲ್ಲರೂ ಉಣ್ಣುತ್ತಾರೆ. ಆ ಸೊಪ್ಪಿನ ಔಷಧೀಯ ಗುಣ ಎಷ್ಟೇ ಇರಲಿ, ವರ್ಷದ ಯಾವ ತಿಂಗಳು ದೇಹಕ್ಕೆ ಕಠಿಣವಾದುದು ಎಂಬ ತಿಳಿವಳಿಕೆ ಆ ಆಚರಣೆಯಲ್ಲಿ ಹೆಪ್ಪುಗಟ್ಟಿದೆ, ಮತ್ತು ಋತುವಿಗೂ ರೋಗಕ್ಕೂ ಇರುವ ನಂಟನ್ನು ಗುರುತಿಸುವುದೇ ಯಾವುದೇ ಕಣ್ಗಾವಲಿನ ಮೊದಲ ಹೆಜ್ಜೆ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿ ಅರಸರ ಕಾಲದ ಆಡಳಿತದ ಏಣಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿತು. ತಾಲ್ಲೂಕಿಗೆ ಸುಬೇದಾರ, ನಾಡಿಗೆ ಪಾರುಪತ್ಯಗಾರ, ಗ್ರಾಮಕ್ಕೆ ಪಟೇಲ ಎಂಬುದು ಆ ಏಣಿಯ ಕ್ರಮ. ನಾಡು ಎಂದರೆ ಕೆಲವು ಗ್ರಾಮಗಳು ಕೂಡಿದ ಕಂದಾಯ ಘಟಕ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಭಾರತದಾದ್ಯಂತ ಜನನ ಮರಣಗಳ ನೋಂದಣಿ ಆರಂಭವಾದಾಗ, ಆ ಹೊಣೆ ವೈದ್ಯರ ಮೇಲಲ್ಲ, ಗ್ರಾಮದ ಅಧಿಕಾರಿಗಳ ಮತ್ತು ಕಾವಲುಗಾರರ ಮೇಲೆ ಬಿದ್ದಿತು. ಕಂದಾಯ ವಸೂಲಿ ಮಾಡುವ ಕೈಗಳೇ ಸಾವಿನ ಸುದ್ದಿಯನ್ನೂ ಬರೆದುಕೊಂಡು ಮೇಲಕ್ಕೆ ಕಳಿಸಬೇಕಾಗಿತ್ತು. ಆ ನಮೂನೆಯಲ್ಲಿ ಸಾವಿನ ಕಾರಣಕ್ಕೆ ಇದ್ದ ಅಂಕಣಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಜ್ವರ, ಭೇದಿ, ಅಪಘಾತ, ಇತರೆ, 1896ರ ಬಳಿಕ ಪ್ಲೇಗೂ ಉಸಿರಾಟದ ಕಾಯಿಲೆಗಳೂ ಬೇರೆ ಅಂಕಣ ಪಡೆದವು. ಕಾಲರಾ ಮತ್ತು ಸಿಡುಬನ್ನು ಲಕ್ಷಣ ನೋಡಿ ಯಾರಾದರೂ ಗುರುತಿಸಬಹುದಿತ್ತು. ಜ್ವರದ ಅಂಕಣಕ್ಕೆ ಮಾತ್ರ ಮಲೇರಿಯಾ, ವಿಷಮಶೀತ ಜ್ವರ, ನ್ಯುಮೋನಿಯಾ, ಬಾಣಂತಿಯ ನಂಜು ಎಲ್ಲವೂ ಬಂದು ಬೀಳುತ್ತಿದ್ದವು. ದೇಶದ ಬಹುತೇಕ ಕಡೆಗಳಲ್ಲಿದ್ದಂತೆ ಕೊಡಗಿನಲ್ಲಿಯೂ ಸಾವುಗಳ ದೊಡ್ಡ ಪಾಲು ಈ ಒಂದೇ ಅಂಕಣದಲ್ಲಿ ಅಡಗಿಹೋಗುತ್ತಿತ್ತು. ಪಟೇಲನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಸೂಕ್ಷ್ಮದರ್ಶಕವಿಲ್ಲದೆ ಜ್ವರಗಳನ್ನು ಬೇರ್ಪಡಿಸುವುದು ಅಂದಿನ ನುರಿತ ವೈದ್ಯರಿಗೂ ಆಗದ ಕೆಲಸವಾಗಿತ್ತು.

ಜ್ವರದ ಭೂಗೋಳ ಮಾತ್ರ ಎಲ್ಲರಿಗೂ ಗೊತ್ತಿತ್ತು. ಮಡಿಕೇರಿಯ ಎತ್ತರದ ದಿಣ್ಣೆಗಳಿಗಿಂತ ಪೂರ್ವದ ತಗ್ಗು ಸೀಮೆ, ಅಂದರೆ ಬಿದಿರುಮೆಳೆಗಳು ದಟ್ಟವಾಗಿದ್ದ ಕುಶಾಲನಗರ, ಸಿದ್ದಾಪುರ, ತಿತಿಮತಿ ಕಡೆಯ ಪ್ರದೇಶ, ಚಳಿಜ್ವರಕ್ಕೆ ಹೆಸರಾಗಿತ್ತು. ಋತುವೂ ತಿಳಿದಿತ್ತು: ಕಾಫಿ ಹೂ ಅರಳಿಸುವ ಹೂಮಳೆಯ ಆಸುಪಾಸಿನಿಂದ ಮುಂಗಾರು ಕಟ್ಟುವವರೆಗಿನ ಬೇಸಿಗೆಯ ತಿಂಗಳುಗಳು ಅಪಾಯದವು. ಕಾರಣ ಮಾತ್ರ ತಿಳಿದಿರಲಿಲ್ಲ. ಕಾಡಿನ ಕೊಳೆತ ಎಲೆಗಳಿಂದ ಏಳುವ ವಿಷಗಾಳಿಯೇ ಜ್ವರದ ಮೂಲವೆಂದು ಯುರೋಪಿಯನ್ ತೋಟಗಾರರು ನಂಬಿದ್ದರು ಮತ್ತು ಕಾಡು ಕಡಿದರೆ ನಾಡು ಆರೋಗ್ಯವಾಗುತ್ತದೆ ಎಂಬ ತೀರ್ಮಾನ ಆ ನಂಬಿಕೆಯಿಂದ ಸಹಜವಾಗಿ ಹೊರಡುತ್ತಿತ್ತು.

ಆದದ್ದು ಇದಕ್ಕೆ ವಿರುದ್ಧ. 1854ರಲ್ಲಿ ಫೌಲರ್ ಎಂಬ ತೋಟಗಾರ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದ ಮೇಲೆ ಕಾಡು ಕಡಿಯುವ ಕೆಲಸ ಬಿರುಸಾಗಿ ಸಾಗಿತು. ಪಶ್ಚಿಮ ಘಟ್ಟದಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಕೊಳಚೆ ನೀರಿನಲ್ಲಿ ಹುಟ್ಟುವುದಲ್ಲ. ಮೆಲ್ಲಗೆ ಹರಿಯುವ ತಿಳಿನೀರಿನ ತೊರೆಗಳ ಅಂಚಿನಲ್ಲಿ, ಹುಲ್ಲು ಬಾಗಿ ನೀರು ಮುಟ್ಟುವಲ್ಲಿ, ಬಿಸಿಲು ತಾಕುವಲ್ಲಿ ಅದು ಮೊಟ್ಟೆಯಿಡುತ್ತದೆ. ದಟ್ಟ ಕಾಡಿನ ನೆರಳಿನಲ್ಲಿ ಹರಿಯುತ್ತಿದ್ದ ತೊರೆಗೆ ಬಿಸಿಲು ಬಿದ್ದಾಗ, ಪಕ್ಕದಲ್ಲೇ ಕೆಲಸಗಾರರ ಲೈನ್ ಮನೆಗಳು, ಅಂದರೆ ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳು, ಎದ್ದಾಗ ಸೊಳ್ಳೆಗೆ ನೆಲೆಯೂ ಆಹಾರವೂ ಒಟ್ಟಿಗೆ ದೊರೆತಂತಾಯಿತು. ಮುಂಗಾರಿನ ರಭಸಕ್ಕೆ ತೊರೆಗಳು ತುಂಬಿ ಮರಿಗಳು ಕೊಚ್ಚಿಹೋಗುತ್ತಿದ್ದುದರಿಂದಲೇ ಮಳೆಗಾಲದಲ್ಲಿ ಜ್ವರ ಇಳಿಯುತ್ತಿತ್ತು, ಬೇಸಿಗೆಯಲ್ಲಿ ಏರುತ್ತಿತ್ತು.

ಇಲ್ಲಿಯೇ ಲೆಕ್ಕದ ದೊಡ್ಡ ಬಿರುಕೂ ಇದೆ. ತೋಟದ ಕೆಲಸಗಾರರಲ್ಲಿ ಬಹುಪಾಲು ಜನ ಊರಿನ ಕೊಯ್ಲು ಮುಗಿಸಿ ಘಟ್ಟ ಹತ್ತಿ, ಕಾಫಿ ಕೊಯ್ದು, ಮುಂಗಾರಿನ ಬೇಸಾಯದ ಹೊತ್ತಿಗೆ ತಮ್ಮ ಹಳ್ಳಿಗೆ ಮರಳುತ್ತಿದ್ದರು. ಜನಗಣತಿ ನಡೆದದ್ದು 1881ರ ಫೆಬ್ರವರಿ 17, 1891ರ ಫೆಬ್ರವರಿ 26, 1901ರ ಮಾರ್ಚ್ 1, 1911ರ ಮಾರ್ಚ್ 10, 1921ರ ಮಾರ್ಚ್ 18 ಹೀಗೆ, ಕೊಯ್ಲಿನ ಕೊನೆಯಲ್ಲೋ ಅದು ಮುಗಿದ ಮೇಲೋ. ಎಣಿಕೆಯ ದಿನ ಕೆಲವೇ ವಾರ ಹಿಂದೆ ಮುಂದೆ ಸರಿದರೂ ತೋಟದಲ್ಲಿ ಸಿಗುವ ಜನರ ಸಂಖ್ಯೆ ಬದಲಾಗುತ್ತಿತ್ತು. ಆದ್ದರಿಂದ ದಶಕದಿಂದ ದಶಕಕ್ಕಾದ ಇಳಿಕೆಯಲ್ಲಿ ಸಾವಿನ ಪಾಲೆಷ್ಟು, ಊರಿಗೆ ಮರಳಿದವರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬೇಸಿಗೆಯಲ್ಲಿ ಕೊಡಗಿನ ಸೊಳ್ಳೆ ಕಚ್ಚಿಸಿಕೊಂಡ ಕೂಲಿಯಾಳು ಮರಳಿ ತನ್ನ ಹಳ್ಳಿಯಲ್ಲಿ ಸತ್ತರೆ ಆ ಸಾವು ದಕ್ಷಿಣ ಕನ್ನಡದ ಇಲ್ಲವೆ ಮೈಸೂರಿನ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಕೊಡಗಿನ ಲೆಕ್ಕದಲ್ಲಿ ಅವನು ಊರಿಗೆ ಹೋದವನು ಮಾತ್ರ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯಲ್ಲಿ, ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ದುಡಿಯಲು ಹೋದ ಚೋಮನ ಮಗ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ. ಅಂಕಿಸಂಖ್ಯೆಯ ಯಾವ ಅಂಕಣವೂ ಹಿಡಿದಿಡಲಾಗದ ಆ ನಂಟನ್ನು, ಸಾಲ, ತೋಟ ಮತ್ತು ಜ್ವರದ ನಂಟನ್ನು, ಕರಾವಳಿಯ ಕಡೆಯಿಂದ ನೋಡಿ ದಾಖಲಿಸಿದ್ದು ಒಬ್ಬ ಕಾದಂಬರಿಕಾರ ಎಂಬುದು ಇತಿಹಾಸಕಾರರು ಗಂಭೀರವಾಗಿ ಪರಿಗಣಿಸಬೇಕಾದ ವಿಷಯ.

1911 ಮತ್ತು 1921ರ ನಡುವಿನ ದಶಕದಲ್ಲಿ ಕೊಡಗು 11,138 ಜನರನ್ನು, ಅಂದರೆ ಶೇಕಡ 6.4ರಷ್ಟನ್ನು ಕಳೆದುಕೊಂಡಿತು. 1918ರ ಇನ್‌ಫ್ಲುಯೆಂಜಾ ದೇಶವನ್ನು ಹಾದುಹೋದದ್ದು ಇದೇ ದಶಕದಲ್ಲಿ. ಆ ವರ್ಷದ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಮಳೆಗಾಲದ ಕೊನೆಗೆ ಮಾರಕ ರೂಪ ತಾಳಿ ದಕ್ಷಿಣಕ್ಕೆ ಹಬ್ಬಿತು ಮತ್ತು ಭಾರತದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದಿತು. ಕೊಡಗಿಗೆ ಆಗ ರೈಲುಮಾರ್ಗವಿರಲಿಲ್ಲ, ಇಂದಿಗೂ ಇಲ್ಲ. ಮೂರು ಕಡೆ ಬೆಟ್ಟ, ಒಳಬರಲು ಕೆಲವೇ ಘಟ್ಟದ ದಾರಿಗಳು. ಅರಸರ ಕಾಲದಲ್ಲಿ ಆ ದಾರಿಗಳಿಗೆ ಕಾವಲಿತ್ತು, ನಾಡಿನೊಳಗೆಲ್ಲ ಕಡಂಗಗಳೆಂಬ ಆಳವಾದ ರಕ್ಷಣಾ ಕಂದಕಗಳಿದ್ದವು. ಹಾಗಿದ್ದೂ, ನೆಲದ ಮಧ್ಯದಲ್ಲಿದ್ದೇ ದ್ವೀಪದಂತಿದ್ದ ಈ ನಾಡಿನ ಬಾಗಿಲನ್ನು ರೋಗದ ಕಾಲದಲ್ಲಿ ಮುಚ್ಚುವ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ಕಾಫಿ ಕೊಯ್ಲಿಗೆ ಜನ ಬರಲೇಬೇಕಾಗಿತ್ತು.

ನಿಜವಾದ ದ್ವೀಪಗಳಲ್ಲಿ ಅದೇ ವರ್ಷ ನಡೆದುದನ್ನು ಇದರೊಂದಿಗೆ ಇಟ್ಟು ನೋಡುವುದು ಉಪಯುಕ್ತ. ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳು ಆಗ ಎರಡು ಆಡಳಿತಗಳ ಕೆಳಗಿದ್ದವು. ನ್ಯೂಜಿಲೆಂಡಿನ ಕೈಯಲ್ಲಿದ್ದ ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ 1918ರ ನವೆಂಬರ್ 7ರಂದು ತಾಲೂನೆ ಎಂಬ ಹಡಗು ರೋಗಿಗಳನ್ನು ಹೊತ್ತು ಬಂದಾಗ ಅದನ್ನು ತಡೆಯಲಿಲ್ಲ. ಕೆಲವೇ ವಾರಗಳಲ್ಲಿ ಅಲ್ಲಿನ ಜನಸಂಖ್ಯೆಯ ಐದನೆಯ ಒಂದು ಪಾಲಿಗೂ ಹೆಚ್ಚು ಜನ ಸತ್ತರು. ಕೂಗಳತೆಯ ದೂರವೆನ್ನಬಹುದಾದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಹಡಗುಗಳ ಮೇಲೆ ಕಟ್ಟುನಿಟ್ಟಿನ ದಿಗ್ಬಂಧನ ಹೇರಿದ್ದರಿಂದ ಇನ್‌ಫ್ಲುಯೆಂಜಾಕ್ಕೆ ಒಬ್ಬರೂ ಬಲಿಯಾಗಲಿಲ್ಲ. ಎರಡೂ ಕಡೆಗಿದ್ದ ವೈದ್ಯಜ್ಞಾನ ಒಂದೇ. ವ್ಯತ್ಯಾಸವಿದ್ದದ್ದು ಬೇರೆಡೆಯ ಸುದ್ದಿಯನ್ನು ಸಮಯಕ್ಕೆ ಸರಿಯಾಗಿ ಕಿವಿಗೆ ಹಾಕಿಕೊಂಡು, ವ್ಯಾಪಾರದ ನಷ್ಟವನ್ನು ಸಹಿಸಿಯಾದರೂ ಕ್ರಮ ಕೈಗೊಳ್ಳುವ ಮನಸ್ಸಿನಲ್ಲಿ. 1996ರಲ್ಲಿ ಪೆಸಿಫಿಕ್ ದ್ವೀಪಗಳೆಲ್ಲ ಸೇರಿ ಸಾರ್ವಜನಿಕ ಆರೋಗ್ಯ ಕಣ್ಗಾವಲು ಜಾಲವೊಂದನ್ನು ಕಟ್ಟಿಕೊಂಡದ್ದರ ಹಿಂದೆ ಇಂಥ ಅನುಭವಗಳ ದೀರ್ಘ ನೆರಳಿದೆ.

ಕೊಡಗಿನ ಜ್ವರ ಅಂಥ ಒಂದು ಹಡಗಿನಲ್ಲಿ ಬಂದುದಲ್ಲ. ಅದು ತೊರೆಗಳಲ್ಲೇ ವಾಸವಾಗಿತ್ತು. ಅದನ್ನು ಅಳೆಯಲು ಬೇರೆಯೇ ಉಪಾಯ ಬೇಕಾಗಿತ್ತು ಮತ್ತು ಅದು ಈ ಸೀಮೆಗೆ ಬಂದದ್ದು ನೆರೆಯ ಮೈಸೂರು ಸಂಸ್ಥಾನದ ದಾರಿಯಲ್ಲಿ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡುಹಿಡಿದ ಬಳಿಕ ಮೂರು ದಶಕಗಳು ಕಳೆದ ಮೇಲೆ, ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲಿ ಮೂಡಿಗೆರೆಯ ಕೇಂದ್ರ ಕಾಫಿ ಸೀಮೆಯ ನಡುವೆಯೇ ಇತ್ತು. ಅಲ್ಲಿನ ಬೆಟ್ಟ, ತೊರೆ, ತೋಟ, ಲೈನ್ ಮನೆ ಎಲ್ಲವೂ ಕೊಡಗಿನವುಗಳ ಪಡಿಯಚ್ಚು. ಅಂದಿನ ಸಮೀಕ್ಷೆಗಳ ಮುಖ್ಯ ಸಾಧನ ತೀರ ಸರಳವಾದದ್ದು: ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಪಕ್ಕೆಯ ಕೆಳಗೆ ಬೆರಳೂರಿ, ಗುಲ್ಮ ಊದಿಕೊಂಡಿದೆಯೇ ಎಂದು ನೋಡುವುದು. ಮತ್ತೆಮತ್ತೆ ಚಳಿಜ್ವರ ಬಂದವರ ಗುಲ್ಮ ಹಿಗ್ಗುತ್ತದೆ. ಹಳ್ಳಿಯವರು ಜ್ವರಗಡ್ಡೆ ಎಂದು ಕರೆಯುತ್ತಿದ್ದುದು ಇದನ್ನೇ. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಗಡ್ಡೆಯಿದೆ ಎಂಬ ಒಂದು ಸಂಖ್ಯೆ ಪಟೇಲನ ಪುಸ್ತಕದ ಜ್ವರದ ಅಂಕಣಕ್ಕಿಂತ ಎಷ್ಟೋ ಪಾಲು ನಂಬಲರ್ಹವಾಗಿತ್ತು, ಏಕೆಂದರೆ ಅದು ಸತ್ತವರನ್ನಲ್ಲ, ಬದುಕಿರುವವರನ್ನು ನೋಡಿ ಬರೆದದ್ದು.

ಎರಡನೆಯ ಮಹಾಯುದ್ಧದ ಬೆನ್ನಿಗೆ ಡಿಡಿಟಿ ಬಂದಿತು. ಮನೆಯ ಒಳಗೋಡೆಗಳಿಗೆ ಈ ಕೀಟನಾಶಕವನ್ನು ಸಿಂಪಡಿಸಿದರೆ, ರಕ್ತ ಹೀರಿ ಗೋಡೆಯ ಮೇಲೆ ಕೂರುವ ಸೊಳ್ಳೆ ತಿಂಗಳುಗಟ್ಟಲೆ ಸಾಯುತ್ತಲೇ ಇರುತ್ತದೆ. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಭಾರತದಲ್ಲಿ ಆರಂಭಿಸಿದ ಮಲೇರಿಯಾ ನಿಯಂತ್ರಣ ಪ್ರಾತ್ಯಕ್ಷಿಕೆಗಳಿಗೆ ಆಯ್ದುಕೊಂಡ ಕೆಲವೇ ಪ್ರದೇಶಗಳಲ್ಲಿ ಮೈಸೂರಿನ ಮಲೆನಾಡೂ ಮಲಬಾರಿನ ಏರನಾಡೂ ಇದ್ದವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ದೇಶದಾದ್ಯಂತ ಆರಂಭವಾಯಿತು. 1951ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 2,29,405 ಎಂದು ಬಂದಿತು: ಹತ್ತೇ ವರ್ಷದಲ್ಲಿ ಶೇಕಡ 36ರ ಏರಿಕೆ. ಈ ಏರಿಕೆಯೆಲ್ಲವೂ ಜ್ವರ ಇಳಿದುದರ ಫಲವೆಂದು ಹೇಳಲಾಗದು. ತೋಟಗಳ ವಿಸ್ತರಣೆಯೂ ಹೊರಗಿನಿಂದ ಬಂದು ನೆಲೆಸಿದವರೂ ಅದರಲ್ಲಿ ಸೇರಿದ್ದಾರೆ. ಆದರೆ ಹಿಂದಿನ ದಶಕಗಳಲ್ಲಿಯೂ ಜನ ಬರುತ್ತಲೇ ಇದ್ದರು, ಬಂದವರು ಉಳಿಯುತ್ತಿರಲಿಲ್ಲ ಎಂಬುದನ್ನು ನೆನೆದರೆ, ಬಂದವರು ನೆಲೆ ನಿಲ್ಲುವಂತಾದುದೇ ಜ್ವರ ಸಡಿಲಗೊಂಡಿತೆಂಬುದಕ್ಕೆ ಬಲವಾದ ಸಾಕ್ಷಿ.

ಕೊಡಗು 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಎರಡು ವರ್ಷದಲ್ಲಿ, 1958ರಲ್ಲಿ, ನಿಯಂತ್ರಣ ಕಾರ್ಯಕ್ರಮ ನಿರ್ಮೂಲನ ಕಾರ್ಯಕ್ರಮವಾಯಿತು. ರೋಗ ಕಣ್ಗಾವಲು ಮನೆಬಾಗಿಲಿಗೆ ಬಂದದ್ದು ನಿಜವಾಗಿ ಆಗಲೇ. ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ, ಜ್ವರ ಬಂದವರಿದ್ದಾರೆಯೇ ಎಂದು ವಿಚಾರಿಸಿ, ಇದ್ದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಲೇಪ ತೆಗೆದು, ಮಾತ್ರೆ ಕೊಟ್ಟು, ಗೋಡೆಯ ಮೇಲೆ ಅಚ್ಚೊತ್ತಿದ ಚೌಕದಲ್ಲಿ ತಾರೀಖು ಬರೆದು ಬರಬೇಕಾಗಿತ್ತು. ಇದಕ್ಕೆ ಸಕ್ರಿಯ ಕಣ್ಗಾವಲು ಎಂದು ಹೆಸರು. ರೋಗಿಯೇ ಆಸ್ಪತ್ರೆಗೆ ಬಂದಾಗ ಪರೀಕ್ಷಿಸುವುದು ನಿಷ್ಕ್ರಿಯ ಕಣ್ಗಾವಲು. ಪಟೇಲನ ಕಾಲದಲ್ಲಿ ಸಾವು ಸಂಭವಿಸಿದ ಮೇಲೆ ಲೆಕ್ಕ ಆರಂಭವಾಗುತ್ತಿತ್ತು, ಈಗ ಜ್ವರ ಬಂದ ಕೂಡಲೇ ಆರಂಭವಾಗಬೇಕಾಯಿತು. ಈ ಬದಲಾವಣೆಗೆ ಕಾರಣರಾದ ಹೆಸರಿಲ್ಲದ ಕಾರ್ಯಕರ್ತರಿಗೆ, ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಹಾಡಿಯಿಂದ ಹಾಡಿಗೆ, ಲೈನಿನಿಂದ ಲೈನಿಗೆ ನಡೆದವರಿಗೆ, ಕೊಡಗಿನ ಇತಿಹಾಸ ಬರೆದವರು ಸಲ್ಲಿಸಬೇಕಾದ ಗೌರವ ಇನ್ನೂ ಬಾಕಿಯಿದೆ. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿಯೆಂದು ಅಂದಾಜಿಸಲಾಗಿದ್ದ ದೇಶದ ಮಲೇರಿಯಾ ಪ್ರಕರಣಗಳು 1965ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿದವು. ಬಳಿಕ ಸೊಳ್ಳೆ ಡಿಡಿಟಿಗೆ ಒಗ್ಗಿತು, ಕಾರ್ಯಕ್ರಮ ಸಡಿಲವಾಯಿತು, 1976ರಲ್ಲಿ ಪ್ರಕರಣಗಳು ಮತ್ತೆ 64 ಲಕ್ಷ ದಾಟಿದವು.

2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯ ಮೊದಲ ಹಂತದಲ್ಲಿಯೇ ಕರ್ನಾಟಕ ಸೇರಿತು. ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ಲಕ್ಷಣಗಳನ್ನು, ವೈದ್ಯಾಧಿಕಾರಿ ತನ್ನ ಊಹೆಯ ರೋಗನಿರ್ಣಯವನ್ನು, ಪ್ರಯೋಗಾಲಯ ಖಚಿತ ಫಲಿತಾಂಶವನ್ನು ಬೇರೆಬೇರೆ ನಮೂನೆಗಳಲ್ಲಿ ಕಳಿಸುವ ಈ ಏರ್ಪಾಡಿನಲ್ಲಿ, ಒಂದೇ ಜ್ವರದ ಅಂಕಣಕ್ಕೆ ಎಲ್ಲವನ್ನೂ ತುಂಬುವ ಹಳೆಯ ತೊಂದರೆಗೆ ಒಂದು ಉತ್ತರವಿದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ವೈರಸ್ ಕಾಣಿಸಿಕೊಂಡಾಗ ಕೇರಳಕ್ಕೆ ಅಂಟಿಕೊಂಡ ಕೊಡಗು ಎಚ್ಚೆತ್ತುಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಬೆಟ್ಟಗಳೇ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದಾಗ, ಒಂದೇ ಸೂರಿನ ಕೆಳಗೆ ಸೇರಿದವರಲ್ಲಿ ಭೇದಿಯೋ ಜ್ವರವೋ ಹರಡದಂತೆ ನೋಡಿಕೊಳ್ಳುವುದೂ ಪರಿಹಾರದ ಭಾಗವಾಯಿತು. 2020ರ ಬಳಿಕ ಕೋವಿಡ್ ಕಾಲದಲ್ಲಿ ಮಾಕುಟ್ಟ, ಕುಟ್ಟ, ಕರಿಕೆಯ ಗಡಿಗಳಲ್ಲಿ ಪ್ರಯಾಣಿಕರ ಪರೀಕ್ಷಾ ವರದಿ ಕೇಳಿದ ತಪಾಸಣಾ ಠಾಣೆಗಳು ಅರಸರ ಕಾಲದ ಘಟ್ಟದ ಕಾವಲನ್ನು ನೆನಪಿಸಿದವು; ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಪ್ರಯೋಗಾಲಯದಿಂದಾಗಿ ಮಾದರಿಗಳನ್ನು ಜಿಲ್ಲೆಯಿಂದಾಚೆ ಕಳಿಸಿ ಕಾಯುವ ಸ್ಥಿತಿ ತಪ್ಪಿತು.

ಇಂದು ಕೊಡಗಿನ ಲೈನ್ ಮನೆಗಳಲ್ಲಿ ಪಣಿ ಎರವರ, ಜೇನು ಕುರುಬರ ಕುಟುಂಬಗಳ ಜೊತೆಗೆ ಅಸ್ಸಾಂ, ಜಾರ್ಖಂಡ್ ಮೊದಲಾದ ದೂರದ ರಾಜ್ಯಗಳಿಂದ ಬಂದ ಕಾರ್ಮಿಕರೂ ಇದ್ದಾರೆ. ಮಲೇರಿಯಾ ಕಾರ್ಯಕ್ರಮದ ನಿಯಮದಂತೆ, ರಕ್ತಲೇಪದಲ್ಲಿ ಪರಾವಲಂಬಿ ಕಂಡ ಪ್ರತಿಯೊಬ್ಬರ ಇತ್ತೀಚಿನ ಪ್ರಯಾಣವನ್ನು ವಿಚಾರಿಸಿ, ಸೋಂಕು ಸ್ಥಳೀಯವೇ ಹೊರಗಿನಿಂದ ಬಂದದ್ದೇ ಎಂದು ಬರೆಯಬೇಕು. ನೂರು ವರ್ಷ ಹಿಂದೆ ಇಲ್ಲಿಂದ ಜ್ವರ ಹೊತ್ತು ಊರಿಗೆ ಮರಳಿದವರನ್ನು ಯಾರೂ ಹೀಗೆ ವಿಚಾರಿಸಿರಲಿಲ್ಲ. ಈಗ ಪ್ರಶ್ನೆಯೇನೋ ಕೇಳಲಾಗುತ್ತಿದೆ. ಆದರೆ ಕಾರ್ಮಿಕ ಬರುವಾಗ ಕೇಳಿದಷ್ಟು ಕಟ್ಟುನಿಟ್ಟಾಗಿ ಹೊರಡುವಾಗ ಕೇಳುವ ಏರ್ಪಾಡಿಲ್ಲ. ಕೊಯ್ಲು ಮುಗಿದು, ಲೆಕ್ಕ ಚುಕ್ತಾ ಆಗಿ, ಮೈಸೂರಿನ ಬಸ್ಸು ಹತ್ತಿ ಅಲ್ಲಿಂದ ರೈಲು ಹಿಡಿಯುವವನ ಮೈ ಬಿಸಿಯಾಗಿದ್ದರೆ ಆ ಸುದ್ದಿ ಅವನ ಊರಿನ ಆರೋಗ್ಯ ಕೇಂದ್ರಕ್ಕೆ ಅವನಿಗಿಂತ ಮೊದಲು ತಲುಪುವಂತೆ ಮಾಡುವ ಕೆಲಸ ಇನ್ನೂ ಆಗಬೇಕಾಗಿದೆ.